ಹಿರಿಮಗಳ ಆಣೆ

ಹಲಸೂರು ಮಾರ್ಕೆಟ್ಟಿನಲ್ಲಿ ಗಂಗಲಕ್ಷ್ಮಮ್ಮನ ಹತ್ತಿರ ಚೌಕಾಸಿ ಮಾಡಿ ಗೆದ್ದವರು ಯಾರೂ ಇರಲಿಲ್ಲ. ಚಕ್ಕೋತ, ದಂಟು, ಮೆಂತ್ಯ, ಸಬ್ಬಸಿಗೆ, ಯಾವ ಸೊಪ್ಪೇ ಆಗಲಿ, ಕಟ್ಟಿಗೆ ಇಷ್ಟು ಅಂದರೆ ಇಷ್ಟೇ. ತಮಿಳಿನವರು ಬಂದರೆ ತಮಿಳಿನಲ್ಲಿ ಗದರುತ್ತಿದ್ದಳು, ಶಿವಾಜಿನಗರದ ಕಡೆಯವರು ಬಂದರೆ ಉರ್ದುವಿನಲ್ಲಿ ಮೂತಿ ತಿರುವುತ್ತಿದ್ದಳು. ಇಂದಿರಾನಗರದಿಂದ ಕಾರಿನಲ್ಲಿ ಬರುವ ಅಮ್ಮಂದಿರು ಮೂಗು ಮುರಿದರೆ, ಸೊಪ್ಪಿನ ಕಟ್ಟನ್ನು ಅವರ ಕೈಯಿಂದ ಕಿತ್ತು ಬುಟ್ಟಿಗೆ ಹಾಕಿ ಮುಂದಿನವರನ್ನು ಕರೆಯುತ್ತಿದ್ದಳು. ಇಂಥ ಹೆಂಗಸಿಗೆ ಮಂಕುಬೂದಿ ಎರಚಬಹುದು ಅಂದರೆ ಆ ಮಾರ್ಕೆಟ್ಟಿನಲ್ಲಿ ಯಾವನೂ ನಂಬುತ್ತಿರಲಿಲ್ಲ. ಬೇರೆ ಯಾರಿಂದಲೂ ಅದು ಆಗುತ್ತಲೂ ಇರಲಿಲ್ಲ ಬಿಡಿ. ಎರಚಿದವನು ಬೆನ್ನಲ್ಲಿ ಬಿದ್ದ ತಮ್ಮ.

ಅವಳ ಸೊಪ್ಪು ಬರುತ್ತಿದ್ದದ್ದು ತವರಿನಿಂದ. ಕೆ.ಆರ್. ಪುರ ದಾಟಿ ಒಂದಿಷ್ಟು ದೂರ ಹೋದರೆ ಹೊಸಕುಂಟೆ. ಅಲ್ಲಿ ಕೆರೆಯ ಕೆಳಗೆ ಅವರಪ್ಪ ಮುನಿಶಾಮಿಯ ತೋಟ. ಗಂಡ ಸತ್ತ ಮೇಲೆ ಹಲಸೂರಿನ ಸಂದಿಮನೆಯಲ್ಲಿ ಒಬ್ಬಳೇ ಮಗಳನ್ನು ಸಾಕಿ, ಓದಿಸಿ, ಮದುವೆ ಮಾಡಿ ಕಳಿಸಿದ್ದು ಆ ತೋಟದ ಸೊಪ್ಪಿನಲ್ಲೇ. ತಮ್ಮ ಮುನಿಆಂಜನಪ್ಪ ಬೆಳೆಯುತ್ತಿದ್ದ, ಇವಳು ಮಾರುತ್ತಿದ್ದಳು, ಬಂದದ್ದರಲ್ಲಿ ಅರ್ಧ ಅರ್ಧ. ಬೆಳಕು ಹರಿಯುವುದರೊಳಗೆ ಜಿಯಾವುಲ್ಲಾನ ಲಗೇಜ್ ಆಟೋ ಸೊಪ್ಪು ಹೊತ್ತುಕೊಂಡು ಮಾರ್ಕೆಟ್ಟಿನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಜಿಯಾವುಲ್ಲಾ ಅದೇ ಕೆಲಸ ಮಾಡುತ್ತಾ ತಲೆ ನರೆಸಿಕೊಂಡವನು, ಗಂಗಲಕ್ಷ್ಮಮ್ಮನಿಗೆ ಬೈಯಲು ಅವನೊಬ್ಬ ಇಲ್ಲದಿದ್ದರೆ ಬೆಳಗಾಗುತ್ತಿರಲಿಲ್ಲ.

ಗಂಗಲಕ್ಷ್ಮಮ್ಮನ ಅಮ್ಮ ಸತ್ತಾಗ ಕೊನೆಯ ತಂಗಿ ಯಶೋದೆ ಇನ್ನೂ ಅಂಬೆಗಾಲಿಡುತ್ತಿದ್ದಳು. ಹಿರಿಯವಳಾದ ಗಂಗಲಕ್ಷ್ಮಮ್ಮ ತಾನೇ ಲಂಗ ದಾವಣಿಯ ಹುಡುಗಿ, ಆ ಕೂಸನ್ನು ಸೊಂಟಕ್ಕೇರಿಸಿಕೊಂಡೇ ಸೊಪ್ಪು ಕೊಯ್ದಳು, ಮುದ್ದೆ ತಿರುವಿದಳು. ಯಶೋದೆಗೆ ಅಮ್ಮನ ಮುಖ ನೆನಪಿಲ್ಲ. ಅಮ್ಮ ಅಂದರೆ ಅವಳಿಗೆ ಅಕ್ಕನೇ.

ಆ ಮನೆಯಲ್ಲಿ ಹಿರಿಮಗಳಿಗೆ ಇನ್ನೊಂದು ಮರ್ಯಾದೆಯೂ ಇತ್ತು. ಊರಹಬ್ಬದಲ್ಲಿ ಸಪ್ಲಮ್ಮನ ಗುಡಿಗೆ ಮನೆಯ ತಂಬಿಟ್ಟಿನ ಆರತಿ ಹೊರುವವಳು ಅವಳು. ಮದುವೆಯಾಗಿ ಹೋದರೂ ಸರಿ, ಗಂಡ ಸತ್ತರೂ ಸರಿ, ಹಬ್ಬಕ್ಕೆ ಬಂದು ಹೊರಲೇಬೇಕು. ಹೊಸಕುಂಟೆಯ ಕಡೆ ಹಾಗೆ ಆರತಿ ಹೊತ್ತ ಹೆಣ್ಣು ದೇವಿಯ ಮುಂದೆ ಆಡಿದ ಮಾತು ಇಡೀ ಮನೆಯೇ ಆಡಿದ ಹಾಗೆ. ಬದುವಿನ ಜಗಳವೋ ಬಾವಿಯ ಜಗಳವೋ, ಗಂಡಸರು ನೂರು ಮಾತಾಡಿದರೂ ಪಂಚಾಯ್ತಿಯವರು ಕೊನೆಗೆ ಹಿರಿಮಗಳನ್ನು ಕರೆಸಿ ಕರ್ಪೂರ ಹಚ್ಚಿಸುತ್ತಿದ್ದರು. ಅವಳು ಆಣೆ ಇಟ್ಟಮೇಲೆ ಆ ಮಾತಿಗೆ ಎದುರಿಲ್ಲ.

ಹೀಗಿರುವಾಗ ಎರಡು ಸಾವಿರದ ಐದರಲ್ಲಿ ದಿಲ್ಲಿಯಲ್ಲಿ ಕಾಯ್ದೆ ತಿದ್ದಿದರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು, ಮದುವೆಯಾಗಿದ್ದರೂ ಪಾಲು. ಒಳ್ಳೆಯ ಕಾಯ್ದೆಯೇ. ಆದರೆ ಅದು ಬಂದ ಹೊತ್ತು ನೋಡಿ, ಕೆ.ಆರ್. ಪುರದ ಸುತ್ತಮುತ್ತ ಮಣ್ಣಿಗೆ ಚಿನ್ನದ ಬೆಲೆ ಬಂದ ಹೊತ್ತು. ಹಬ್ಬಕ್ಕೆ ಬಾಳೆಹಣ್ಣು ಹಿಡಿದುಕೊಂಡು ಬರುತ್ತಿದ್ದ ಅಕ್ಕತಂಗಿಯರು ಲಾಯರನ್ನು ಹಿಡಿದುಕೊಂಡು ಬರತೊಡಗಿದರು. ಹುಟ್ಟಿದಾಗಿನಿಂದ ಒಂದು ರವಿಕೆ ಕಣ ಕೊಡದ ಅಣ್ಣತಮ್ಮಂದಿರು ಇದ್ದಕ್ಕಿದ್ದಂತೆ ರೇಷ್ಮೆ ಸೀರೆ ತಂದು ಮಡಿಲು ತುಂಬಿ, ಉಪಚಾರದ ಮಾತಾಡುತ್ತಾ ಪೆನ್ನು ಮುಂದೆ ಮಾಡಿದರು. ಆ ಕಡೆಯ ಹಳ್ಳಿಗಳಲ್ಲಿ ಆ ವರ್ಷ ಜಗಳವಾಡದ ಮನೆ ಹುಡುಕಬೇಕಿತ್ತು.

ಗಂಗಲಕ್ಷ್ಮಮ್ಮನಿಗೆ ಆ ಕಾಯ್ದೆ ಅಂದರೆ ಮೈ ಉರಿಯುತ್ತಿತ್ತು. ತವರಿನಲ್ಲಿ ಪಾಲು ಕೇಳಿದ ಹೆಣ್ಣಿಗೆ ಆಮೇಲೆ ಯಾವ ಮುಖ ಇಟ್ಟುಕೊಂಡು ಆರತಿ ಹೊರಲಿಕ್ಕಾಗುತ್ತದೆ, ಯಾವ ಬಾಯಲ್ಲಿ ತಮ್ಮನ ಮನೆಯ ನೀರು ಕುಡಿಯಲಿಕ್ಕಾಗುತ್ತದೆ ಎನ್ನುವುದು ಅವಳ ವಾದ. ಪಕ್ಕದ ನಿಂಬೆಹಣ್ಣಿನವಳು ಒಮ್ಮೆ ಈ ಮಾತೆತ್ತಿದ್ದಕ್ಕೆ ಅವಳ ಜೊತೆ ಒಂದು ವಾರ ಮಾತು ಬಿಟ್ಟಿದ್ದಳು. ತಾನು ಮಾಡುತ್ತಿರುವುದು ದೊಡ್ಡತನ ಎಂದೇ ಅವಳು ನಂಬಿದ್ದಳು, ಪಾಪ.

ಮಾರನೆಯ ವರ್ಷ ಸಂಕ್ರಾಂತಿ ಕಳೆದು ಮುನಿಶಾಮಿ ತೀರಿಕೊಂಡ. ತಿಥಿ ಮುಗಿದು ನೆಂಟರೆಲ್ಲ ಹೋದಮೇಲೆ ಮುನಿಆಂಜನಪ್ಪ ಹಲಸೂರಿಗೆ ಬಂದು ಅಕ್ಕನ ಮನೆಯ ಹೊಸ್ತಿಲ ಮೇಲೆ ಕೂತ. ಒಳಗೆ ಬಾ ಅಂದರೂ ಬರಲಿಲ್ಲ. ಕೆರೆಗೆ ಮೋರಿ ನೀರು ಬಿದ್ದು ತೋಟ ಹಾಳಾಗುತ್ತಿದೆ, ಬೋರ್‌ವೆಲ್ ಹಾಕಿಸದೆ ಗತಿಯಿಲ್ಲ, ಬ್ಯಾಂಕಿನವರು ಸಾಲ ಕೊಡುತ್ತಾರೆ, ಆದರೆ ಈ ಹಾಳು ಕಾಯ್ದೆಯಿಂದ ನಿಮ್ಮಿಬ್ಬರ ಪಾಲೂ ಇದರಲ್ಲಿ ಸಿಕ್ಕಿಕೊಂಡಿದೆ, ನೀವು ಹಕ್ಕು ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಸಿದರೆ ಮಾತ್ರ ಸಾಲ ಎಂದು ತಲೆ ತಗ್ಗಿಸಿಕೊಂಡು ಹೇಳಿದ. ಅವನು ಹೇಳಿದ್ದು ಸುಳ್ಳು ಅನ್ನುವುದಕ್ಕೆ ಯಾವ ಕಾರಣವೂ ಇರಲಿಲ್ಲ. ಇಂದಿರಾನಗರದ ಅಮ್ಮಂದಿರು ಆಗಲೇ ಸೊಪ್ಪನ್ನು ಮೂಸಿ ನೋಡಿ, ಇದು ಮೋರಿ ನೀರಿನದ್ದಾ ಎಂದು ಕೇಳತೊಡಗಿದ್ದರು. ಕೆಲವರು ಎದುರಿನ ಅಂಗಡಿಗೆ ಹೊರಟೂ ಹೋಗಿದ್ದರು. ಬೋರ್‌ವೆಲ್ ಬಿದ್ದರೆ ತಮ್ಮನ ತೋಟವೂ ಉಳಿಯುತ್ತದೆ, ತನ್ನ ಬುಟ್ಟಿಯೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ ಗಂಗಲಕ್ಷ್ಮಮ್ಮ, ಎಲ್ಲಿ ಸೈನ್ ಹಾಕಬೇಕು ಎಂದಷ್ಟೇ ಕೇಳಿದಳು.

ತೊಡಕು ಇದ್ದದ್ದು ಯಶೋದೆಯದು. ಅವಳು ಬೈಯಪ್ಪನಹಳ್ಳಿಯಲ್ಲಿ, ರೈಲ್ವೆ ಗೇಟಿನ ಹಿಂದೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಗಂಡನಿಗೆ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇತ್ತು. ಸರ್ಕಾರಿ ಫ್ಯಾಕ್ಟರಿಯೊಂದಕ್ಕೆ ನಟ್ಟು ಬೋಲ್ಟು ಕಡೆದು ಕೊಡುತ್ತಿದ್ದ. ಫ್ಯಾಕ್ಟರಿಯವರು ಟೆಂಡರು ಕರೆದು ಹೊರಗಿನ ದೊಡ್ಡ ಕಂಪನಿಗಳಿಂದ ಮಾಲು ತರಿಸಲು ಶುರು ಮಾಡಿದ ಮೇಲೆ ಅವನು ಮೆಷೀನು ಮಾರಿ, ಯಾರದೋ ಶೆಡ್ಡಿನಲ್ಲಿ ಕೂಲಿಗೆ ನಿಂತಿದ್ದ. ಯಶೋದೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಲ್ಲಿ ಊಟದ ಹೊತ್ತಿನಲ್ಲಿ ಹೆಂಗಸರು ಆಡುತ್ತಿದ್ದ ಮಾತೆಲ್ಲ ಆ ವರ್ಷ ಅದೇ ಕಾಯ್ದೆಯದು. ಅವಳೇನು ದುರಾಸೆಯವಳಲ್ಲ. ಅಣ್ಣ ಒಂದು ಸೈಟಿನಷ್ಟು ಜಾಗ ಬಿಟ್ಟರೆ ಸಾಕು, ಶೀಟು ಹಾಕಿ ಎರಡು ಕೋಣೆ ಕಟ್ಟಿಕೊಂಡು ಬಾಡಿಗೆಯಿಂದ ಪಾರಾಗುತ್ತೇನೆ ಅನ್ನುತ್ತಿದ್ದಳು. ಹಕ್ಕು ಬಿಡುವುದಿಲ್ಲ ಎಂದು ಅಣ್ಣನ ಮುಖಕ್ಕೇ ಹೇಳಿ ಕಳಿಸಿದ್ದಳು.

ಅವಳಿಗೆ ನಾನು ಹೇಳಿದರೆ ತಲೆಗೆ ಹೋಗಲ್ಲ, ನೀನೊಂದು ಮಾತು ಹೇಳು ಅಕ್ಕ ಎಂದ ಮುನಿಆಂಜನಪ್ಪ. ಗಂಗಲಕ್ಷ್ಮಮ್ಮ ಮಾರ್ಕೆಟ್ಟು ಮುಗಿಸಿಕೊಂಡು ಬೈಯಪ್ಪನಹಳ್ಳಿಗೆ ಹೋದಳು, ಮತ್ತೂ ಹೋದಳು. ಬೈದಳು, ಅತ್ತಳು, ಸೊಂಟಕ್ಕೇರಿಸಿಕೊಂಡು ಸಾಕಿದ್ದನ್ನು ಎತ್ತಿ ಆಡಿದಳು. ಅಪ್ಪನ ಮಣ್ಣು ಚೂರು ಚೂರಾದರೆ ತೋಟವೆಲ್ಲಿ ಉಳಿಯುತ್ತದೆ ಎಂದು ಕೇಳಿದಳು. ತೋಟ ಉಳಿದರೆ ನಾಳೆ ಯಾವತ್ತಾದರೂ ನಿನಗೊಂದು ಜಾಗ ಕೊಡಿಸುವುದು ನನ್ನ ಜವಾಬ್ದಾರಿ ಎಂದೂ ಹೇಳಿದಳು. ಯಶೋದೆ ಕರಗಿದ್ದು ಆ ಕೊನೆಯ ಮಾತಿಗೆ. ಆದರೂ ಅವಳಿಗೆ ಅಣ್ಣನ ಮೇಲೆ ನಂಬಿಕೆ ಬರಲಿಲ್ಲ. ಹಾಗಾಗಿ ರಿಜಿಸ್ಟರಿಗೆ ಹೋಗುವ ದಿನ ಬೆಳಿಗ್ಗೆ ಮೂವರೂ ಸಪ್ಲಮ್ಮನ ಗುಡಿಗೆ ಹೋದರು.

"ಅಣ್ಣ ಮಾರಲ್ಲ ಅಂತ ನೀನು ಹೇಳ್ತೀಯಾ ಅಕ್ಕ?" ಎಂದು ಯಶೋದೆ ಕೇಳಿದಳು.

"ಹೇಳ್ತೀನಿ."

"ಹಂಗಾದ್ರೆ ಅಣ್ಣನ ಮಾತು ನಂಗೆ ಬೇಡ. ನಿನ್ನ ಮಾತು ಸಾಕು."

ಗಂಗಲಕ್ಷ್ಮಮ್ಮ ಕರ್ಪೂರ ಹಚ್ಚಿ, ಅದರ ಮೇಲೆ ಕೈ ಹಿಡಿದು, ಈ ಮಣ್ಣು ಮಾರುವುದಿಲ್ಲ, ಮಾರುವ ಕಾಲ ಬಂದರೆ ಯಶೋದೆಯ ಪಾಲು ಯಶೋದೆಗೆ ಎಂದು ಜೋರಾಗಿ ಹೇಳಿದಳು. ಮುನಿಆಂಜನಪ್ಪ ಪಕ್ಕದಲ್ಲಿ ಕೈಮುಗಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದ. ತುಟಿ ಪಿಟಕ್ಕೆನ್ನಲಿಲ್ಲ. ತಮ್ಮನಿಗೆ ಎಂಥಾ ಭಕ್ತಿ ಎಂದುಕೊಂಡಳು ಅವಳು.

ಅಲ್ಲಿಂದ ಸೀದಾ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದರು. ಕಂಪ್ಯೂಟರಿನ ಮುಂದೆ ಕೂರಿಸಿ ಫೋಟೊ ಹಿಡಿದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಯಾರ ಬಲವಂತವೂ ಇಲ್ಲ ತಾನೇ ಎಂದು ಅಲ್ಲಿದ್ದವರು ಕೇಳಿದಾಗ ಯಶೋದೆ ಒಂದು ಕ್ಷಣ ಅಕ್ಕನ ಮುಖ ನೋಡಿ, ಇಲ್ಲ ಅಂದಳು. ಹೊರಗೆ ಬಂದಮೇಲೆ ಮುನಿಆಂಜನಪ್ಪ ಇಬ್ಬರಿಗೂ ಮಸಾಲೆದೋಸೆ ಕೊಡಿಸಿದ. ಎಲೆ ಅಡಿಕೆ ಇಟ್ಟು ಒಂದೊಂದು ಸೀರೆ ಕೊಟ್ಟ. ಗಂಗಲಕ್ಷ್ಮಮ್ಮನಿಗೆ ಆ ದಿನ ತನ್ನ ಅಮ್ಮನೇ ಎದ್ದು ಬಂದು ಬೆನ್ನು ಸವರಿದಷ್ಟು ಸಮಾಧಾನವಾಗಿತ್ತು.

ಬೋರ್‌ವೆಲ್ ಮಾತ್ರ ಬರಲೇ ಇಲ್ಲ. ಒಂದು ಸಲ ಮ್ಯಾನೇಜರಿಗೆ ವರ್ಗವಾಗಿದೆ ಅಂದ. ಇನ್ನೊಂದು ಸಲ ಲಾರಿ ಸಿಗುತ್ತಿಲ್ಲ ಅಂದ. ಸೊಪ್ಪು ದಿನದಿನಕ್ಕೆ ಸೊರಗುತ್ತಾ ಬಂತು. ಅವಳು ಕೊಳೆತ ಎಲೆ ಕಿತ್ತು ಕಟ್ಟನ್ನು ಸಣ್ಣದು ಮಾಡಿ, ಕೇಳಿದವರ ಮೇಲೆ ಎರಡರಷ್ಟು ರೇಗಿ ಮಾರುತ್ತಿದ್ದಳು. ತಮ್ಮನ ಮೇಲೆ ಅನುಮಾನ ಬಂತೇ ಎಂದು ಕೇಳಿದರೆ, ಇಲ್ಲ, ಒಂದು ಎಳೆಯಷ್ಟೂ ಬರಲಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಿಯಾವುಲ್ಲಾ ತಡವಾಗಿ ಬಂದ. ಗಂಗಲಕ್ಷ್ಮಮ್ಮ ಬೈಗುಳ ಸಿದ್ಧ ಮಾಡಿಕೊಂಡೇ ನಿಂತಿದ್ದಳು. ಆಟೋ ಖಾಲಿಯಿತ್ತು.

"ಸೊಪ್ಪು ಇಲ್ಲ ಅಕ್ಕ," ಎಂದ ಅವನು.

"ಯಾಕೆ, ಕೊಯ್ದಿಲ್ವಾ?"

"ತೋಟಾನೇ ಇಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಜಿಯಾವುಲ್ಲಾ ಅವಳ ಕಣ್ಣು ತಪ್ಪಿಸಿ ಹೇಳಿದ. ಜೆಸಿಬಿ ನಿಂತಿದೆ, ಅರ್ಧ ತೋಟ ಆಗಲೇ ಮಗುಚಿದ್ದಾರೆ, ಸುತ್ತ ತಗಡು ಹೊಡೆಯುತ್ತಿದ್ದಾರೆ, ನಿಮ್ಮ ತಮ್ಮನೇ ನಿಂತು ಜಾಗ ತೋರಿಸುತ್ತಿದ್ದಾರೆ. ಗಂಗಲಕ್ಷ್ಮಮ್ಮ ಖಾಲಿ ಬುಟ್ಟಿಗಳನ್ನು ಹಾಗೇ ಬಿಟ್ಟು ಅವನ ಆಟೋದಲ್ಲಿ ಹತ್ತಿ ಕೂತಳು. ಟಿನ್ ಫ್ಯಾಕ್ಟರಿ ಸ್ಟಾಪ್ ದಾಟುವವರೆಗೂ, ಇವನು ಬೇರೆಯವರ ತೋಟ ನೋಡಿಕೊಂಡು ಬಂದಿರುತ್ತಾನೆ, ಮುದುಕನಿಗೆ ಕಣ್ಣು ಕಾಣುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ತಗಡಿನ ಮೇಲೆ ಬಣ್ಣಬಣ್ಣದ ಚಿತ್ರ ಅಂಟಿಸಿದ್ದರು. ಎತ್ತರದ ಕಟ್ಟಡ, ಮುಂದೆ ನೀಲಿ ನೀರಿನ ಕೊಳ, ದಡದಲ್ಲಿ ಟೋಪಿ ಹಾಕಿಕೊಂಡ ಹೆಂಗಸು. ಸಂದಿಯಲ್ಲಿ ಇಣುಕಿದರೆ ಕೆಂಪು ಮಣ್ಣು. ಸಬ್ಬಸಿಗೆಯ ಪಾತಿ ಇದ್ದಲ್ಲಿ ಟ್ರಾಕ್ಟರಿನ ಚಕ್ರದ ಗುರುತು. ಒಳಗೆ ಹೋಗಲು ಹೊರಟವಳನ್ನು ವಾಚ್‌ಮನ್ ಕೋಲು ಅಡ್ಡ ಹಿಡಿದು ತಡೆದ. ಎಲ್ಲಿಂದಲೋ ಬಂದ ಹುಡುಗ, ಕನ್ನಡ ಬಾರದು, ಅವಳ ತಮಿಳು ಉರ್ದುವೂ ತಲೆಗೆ ಹೋಗದು. ಇದು ನಮ್ಮಪ್ಪನ ತೋಟ ಕಣೋ ಎಂದು ಅವಳು ಅವನಿಗೆ ಮತ್ತೆ ಮತ್ತೆ ಹೇಳಿದಳು. ಅವನು ರಸ್ತೆಯ ಕಡೆ ಕೈ ತೋರಿಸಿದ.

ಮುನಿಆಂಜನಪ್ಪ ಮನೆಯ ಜಗಲಿಯ ಮೇಲೆ ಕೂತಿದ್ದ. ಅಕ್ಕನನ್ನು ಕಂಡು ಎದ್ದ, ಚಾಪೆ ಹಾಸಿದ, ಒಳಗೆ ಕಾಫಿಗೆ ಹೇಳಿದ. ಕದ್ದು ಸಿಕ್ಕಿಬಿದ್ದವನ ಹಾಗೆ ಒಂದಿಷ್ಟು ಬೆವರಿದ್ದರೂ ಅವಳ ಹೊಟ್ಟೆ ತಣ್ಣಗಾಗುತ್ತಿತ್ತೇನೋ. ಅವನು ಎಂದಿನ ಹಾಗೇ ಇದ್ದ. ಅವಳು ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಟ್ಟ. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೇ ಕಂಪನಿಯವರ ಹತ್ತಿರ ಮಾತು ಮುಗಿದಿತ್ತಂತೆ, ಅಡ್ವಾನ್ಸೂ ಕೈಗೆ ಬಂದಿತ್ತಂತೆ. ಅಷ್ಟರಲ್ಲಿ ಅವರ ಲಾಯರು ಅಡ್ಡಗಾಲು ಹಾಕಿದನಂತೆ, ಕಾಯ್ದೆ ಬದಲಾಗಿದೆ, ಹೆಣ್ಣುಮಕ್ಕಳ ಸೈನಿಲ್ಲದೆ ಮುಂದಕ್ಕೆ ಒಂದು ಪೈಸೆ ಬಿಚ್ಚಬೇಡಿ ಎಂದು. ಹೊಲಗದ್ದೆಯ ವ್ಯವಹಾರ ನಿಂಗೆ ತಿಳಿಯಲ್ಲ ಅಕ್ಕ, ಈಗ ಮಾರದಿದ್ದರೆ ನಾಳೆ ಸರ್ಕಾರದವರೇ ಕಿತ್ತುಕೊಳ್ಳುತ್ತಾರೆ ಎಂದು ಸಮಾಧಾನವನ್ನೂ ಹೇಳಿದ.

"ಬೋರ್‌ವೆಲ್ಲು?" ಎಂದಳು ಗಂಗಲಕ್ಷ್ಮಮ್ಮ.

"ಹಾಕ್ತಾರಲ್ಲ ಅಕ್ಕ. ಅಷ್ಟು ದೊಡ್ಡ ಬಿಲ್ಡಿಂಗಿಗೆ ನೀರು ಬೇಡ್ವಾ?"

ಸಪ್ಲಮ್ಮನ ಮುಂದೆ ಇಟ್ಟ ಆಣೆ ಏನಾಯ್ತೋ ಎಂದು ಕಿರುಚಿದಳು. ಒಳಗಿನಿಂದ ತಮ್ಮನ ಹೆಂಡತಿ ಬಾಗಿಲಿಗೆ ಬಂದು ನಿಂತಳು, ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

"ನಾನೆಲ್ಲಿ ಇಟ್ಟೆ? ನಾನು ಬಾಯೇ ಬಿಟ್ಟಿಲ್ಲ," ಎಂದ ಅವನು. "ಇಟ್ಟೋಳು ನೀನು."

ಗಂಗಲಕ್ಷ್ಮಮ್ಮ ಚಾಪೆಯ ಮೇಲೆ ಕೂತಳು. ಅವನು ಹತ್ತಿರ ಬಂದು ದನಿ ತಗ್ಗಿಸಿದ. ನಿನಗೆ ಮೋಸ ಮಾಡುತ್ತೇನಾ, ಆ ಬಿಲ್ಡಿಂಗಿನಲ್ಲೇ ನಿನ್ನ ಹೆಸರಿಗೊಂದು ಮನೆ ಬರೆಸುತ್ತೇನೆ, ಸೊಪ್ಪು ಹೊತ್ತಿದ್ದು ಸಾಕು, ಯಶೋದೆಗೆ ಮಾತ್ರ ಬಾಯಿಬಿಡಬೇಡ, ಅವಳು ಕೋರ್ಟು ಗೀರ್ಟು ಅಂತ ಹೋದರೂ ಅವಳು ಮನಸ್ಸಾರೆ ಬರೆದುಕೊಟ್ಟಳು ಅಂತ ನೀನು ಹೇಳಿದರೆ ಮುಗಿಯಿತು ಎಂದ. ಬಾಗಿಲಲ್ಲಿದ್ದ ಹೆಂಡತಿಗೆ ಗಂಡ ಇಷ್ಟು ಬಗ್ಗಿದ್ದು ಸೇರಲಿಲ್ಲವೇನೋ, ಅಕ್ಕನ ಸೈನ್ ಯಾವತ್ತು ಕೇಳಿದರೂ ಸಿಗುತ್ತಿತ್ತು, ಕಷ್ಟ ಇದ್ದದ್ದು ಯಶೋದೆಯದು, ಅದಕ್ಕೇ ತಾನೇ ಅಕ್ಕನನ್ನು ಹಿಡಿದದ್ದು ಎಂದು ಗೊಣಗಿ ಒಳಗೆ ಹೋದಳು.

ಆಗ ಗಂಗಲಕ್ಷ್ಮಮ್ಮನಿಗೆ ಪೂರ್ತಿ ಹೊಳೆಯಿತು. ತಮ್ಮನಿಗೆ ಅವಳ ಪಾಲಿನ ಚಿಂತೆ ಯಾವತ್ತೂ ಇರಲಿಲ್ಲ. ಬೇಕಾಗಿದ್ದದ್ದು ಅವಳ ನಾಲಿಗೆ. ಅವಳು ಹೊತ್ತ ಆರತಿ, ಅವಳು ಸಾಕಿದ ಋಣ, ಅವಳ ಮಾತಿಗೆ ಊರು ಕೊಡುತ್ತಿದ್ದ ಬೆಲೆ, ಎಲ್ಲವನ್ನೂ ಅವನು ಕೂತು ಯೋಚಿಸಿ, ತಂಗಿಯನ್ನು ಕೆಡವಲು ಬಳಸಿಕೊಂಡಿದ್ದ. ಇಲಿಬೋನಿಗೆ ಕೊಬ್ಬರಿ ಚೂರು ಇಡುತ್ತಾರಲ್ಲ, ಹಾಗೆ ಅವಳನ್ನು ಇಟ್ಟಿದ್ದ. ನಿನ್ನ ಮನೆಗೆ ಬೆಂಕಿ ಹಾಕ, ನಿನ್ನ ಬಿಲ್ಡಿಂಗೂ ಬೇಡ ನಿನ್ನ ಕಾಫಿಯೂ ಬೇಡ ಎಂದು ಎದ್ದು ಹೊರಟಳು. ಅವನು ತಡೆಯಲಿಲ್ಲ.

ಬಸ್ಸಿನಲ್ಲಿ ಬೈಯಪ್ಪನಹಳ್ಳಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಯಶೋದೆ ಕೆಲಸಕ್ಕೆ ಹೋಗಿರಲಿಲ್ಲ. ಮಾರಿದ ವಿಷಯ ಅವಳಿಗೆ ಹಿಂದಿನ ದಿನವೇ ಮುಟ್ಟಿತ್ತು, ಗಾರ್ಮೆಂಟ್ಸಿನಲ್ಲಿ ಹೊಸಕುಂಟೆಯ ಹೆಂಗಸರೂ ಇದ್ದರು. ಅಕ್ಕನನ್ನು ಕಂಡು ಅವಳು ಕೂಗಾಡಲಿಲ್ಲ. ಒಳಗೆ ಕರೆದು, ಇದ್ದೊಂದು ಕುರ್ಚಿಯ ಮೇಲೆ ಕೂರಿಸಿ, ಲೋಟದಲ್ಲಿ ನೀರು ಕೊಟ್ಟು, ತಾನು ಗೋಡೆಗೊರಗಿ ನೆಲದ ಮೇಲೆ ಕೂತಳು. ಅಷ್ಟು ಮರ್ಯಾದೆಯಿಂದ ಅವಳು ಅಕ್ಕನನ್ನು ಎಂದೂ ನಡೆಸಿಕೊಂಡಿರಲಿಲ್ಲ. ಬಂದವಳ ಮಡಿಲಿಗೆ ತಲೆ ಇಟ್ಟೇ ಮಾತು ಶುರು ಮಾಡುತ್ತಿದ್ದವಳು.

ಗಂಗಲಕ್ಷ್ಮಮ್ಮ ತಮ್ಮನ ಬಾಯಿಂದ ಕೇಳಿದ್ದನ್ನೆಲ್ಲ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಆಮೇಲೆ ಯಶೋದೆ, ಬೆಳಿಗ್ಗೆಯೇ ತಾನೊಬ್ಬ ಲಾಯರನ್ನು ಕಂಡು ಬಂದದ್ದನ್ನು ಹೇಳಿದಳು. ಫೋಟೊ, ಹೆಬ್ಬೆಟ್ಟು ಎಲ್ಲ ಕೊಟ್ಟು, ಬಲವಂತ ಇಲ್ಲ ಎಂದು ನೀವೇ ಹೇಳಿದ ಮೇಲೆ ಅದನ್ನು ಮುರಿಯುವುದು ಕಷ್ಟ ಅಂದರಂತೆ ಅವರು. ದಾರಿ ಇರುವುದು ಒಂದೇ, ಮೋಸದಿಂದ ಸೈನ್ ಹಾಕಿಸಿದರು ಎಂದು ಕೇಸು ಹಾಕುವುದು. ಆದರೆ ತೋಟ ಮಾರುವುದಿಲ್ಲ ಎಂದು ಅಣ್ಣ ಇವಳ ಹತ್ತಿರ ಒಂದು ಮಾತೂ ಆಡಿಲ್ಲ. ಆಡಿದವಳು ಅಕ್ಕ. ಹಾಗಾಗಿ ಮೋಸ ಮಾಡಿದವರು ಅಂತ ಬರೆಯಬೇಕಾದ್ದು ಅಕ್ಕನ ಹೆಸರನ್ನು.

"ಬರ್ಸು," ಎಂದಳು ಗಂಗಲಕ್ಷ್ಮಮ್ಮ. "ನಾನೇ ಬಂದು ಕೋರ್ಟಲ್ಲಿ ಒಪ್ಕೋತೀನಿ."

"ಅದಕ್ಕೆ ಅಣ್ಣ ನಿಂಗೇನ್ ಕೊಟ್ಟ ಅಂತ ಕೇಳ್ತಾರೆ ಅಲ್ಲಿ."

"ಏನೂ ಕೊಟ್ಟಿಲ್ಲ ಕಣೆ. ಇವತ್ತು ಒಂದು ಮನೆ ಕೊಡ್ತೀನಿ ಅಂದ, ಬೇಡ ಅಂತ ಮುಖಕ್ಕೆ ಉಗಿದು ಬಂದೆ. ನಾನು ಅವನ ಒಂದು ಕಾಸು ಮುಟ್ಟಿಲ್ಲ, ಸಪ್ಲಮ್ಮನ ಆಣೆ." ಹೇಳಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

ಹೊರಗೆ ರೈಲ್ವೆ ಗೇಟು ಬಿದ್ದು ಗಾಡಿಯೊಂದು ಹೋಯಿತು. ಅದು ಹೋಗುವವರೆಗೆ ಯಶೋದೆ ಕಾದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗೇ ಇತ್ತು.

"ದುಡ್ಡು ಇಸ್ಕೊಂಡಿದ್ರೆ, ನನ್ನ ಹಂಗೇ ಕಷ್ಟ ಇತ್ತೇನೋ, ಪಾಪ ಅಂತ ಅನ್ಕೊಂಡು ನಾನೇ ಸುಮ್ನಾಗ್ತಿದ್ದೆ ಅಕ್ಕ," ಎಂದಳು. "ಏನೂ ಇಸ್ಕೊಳ್ದೆ ನನ್ನ ಮಾರ್ಬಿಟ್ಯಲ್ಲ."

ಗಂಗಲಕ್ಷ್ಮಮ್ಮ ಲೋಟವನ್ನು ಕೆಳಗಿಟ್ಟಳು.

"ಹಂಗೇ ಬರ್ಸು," ಎಂದಳು.